ನೀರಿಗಿಳಿದ ಮೇಲೂ ಮುಗಿಯದ ನಿರ್ಮಾಣ

ಶತ್ರುವಿನ ಹಡಗು, ವಿಮಾನ, ಜಲಾಂತರ್ಗಾಮಿ ಈ ಮೂರನ್ನೂ ಎದುರಿಸಬಲ್ಲ ವೇಗದ ಯುದ್ಧನೌಕೆಗೆ ವಿಧ್ವಂಸಕ ನೌಕೆ ಎಂದು ಹೆಸರು. ಗುರಿಯನ್ನು ಅರಸಿ ಸಾಗುವ ಕ್ಷಿಪಣಿಯೇ ಅದರ ಮುಖ್ಯ ಆಯುಧವಾದಾಗ ಅದು ನಿರ್ದೇಶಿತ ಕ್ಷಿಪಣಿ ವಿಧ್ವಂಸಕವೆನಿಸುತ್ತದೆ. ಇಂಥ ನೌಕೆ ರೂಪುಗೊಳ್ಳುವ ಬಗೆಯನ್ನು ಅರಿಯಲು, ಭಾರತೀಯ ನೌಕಾಪಡೆಗಾಗಿ ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ನಿರ್ಮಾಣಗೊಂಡ ‘ವಿಶಾಖಪಟ್ಟಣಂ’ ವರ್ಗದ ನಾಲ್ಕು ನೌಕೆಗಳು ಉತ್ತಮ ನಿದರ್ಶನಗಳಾಗಿವೆ.

ಇವುಗಳ ಉದ್ದ 163 ಮೀಟರ್. ತೂಕ ಸುಮಾರು 7,400 ಟನ್. ನಿರ್ಮಾಣದ ಒಪ್ಪಂದವಾದುದು 2011ರಲ್ಲಿ. ಹಡಗಿನ ಬೆನ್ನೆಲುಬೆನಿಸುವ ‘ಕೀಲ್’ ಅನ್ನು ಮೊದಲ ನೌಕೆಗೆ 2013ರ ಅಕ್ಟೋಬರ್‌ನಲ್ಲಿ ಇರಿಸಲಾಯಿತು. 2015ರ ಏಪ್ರಿಲ್ 20ರಂದು ಅದು ನೀರಿಗಿಳಿಯಿತು. ಒಡಲು ಸಿದ್ಧವಾಗಲು ಹಿಡಿದುದು ಒಂದೂವರೆ ವರ್ಷ ಮಾತ್ರ. ಆದರೆ ನೌಕೆ ಸೇವೆಗೆ ಸೇರಿದುದು 2021ರ ನವೆಂಬರ್ 21ರಂದು. ನಡುವಣ ಆರೂವರೆ ವರ್ಷಗಳಲ್ಲಿ ನಡೆದುದೇನು?

ನೀರಿಗಿಳಿದ ಒಡಲು ಬರಿಯ ಮನೆಯ ಗೋಡೆಯಂತೆ. ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗ ನೀಡುವ ನಾಲ್ಕು ಅನಿಲ ಟರ್ಬೈನುಗಳಿಗೆ ಜೀವ ತುಂಬಬೇಕು. ಕೊಳವೆಗಳನ್ನೂ ತಂತಿಗಳನ್ನೂ ಹೊಂದಿಸಬೇಕು. ರೇಡಾರ್ ಕಂಡುದನ್ನು ಗಣಕಯಂತ್ರ ಲೆಕ್ಕಹಾಕಿ ಕ್ಷಿಪಣಿಗೆ ತಿಳಿಸಬೇಕು. ಈ ಸರಪಳಿಯ ಒಂದು ಕೊಂಡಿ ತಪ್ಪಿದರೂ ಉಳಿದುವೆಲ್ಲ ವ್ಯರ್ಥ. ಆದುದರಿಂದ ಪ್ರತಿಯೊಂದು ಯಂತ್ರವನ್ನೂ ಮೊದಲು ಬಿಡಿಯಾಗಿ, ಬಳಿಕ ಒಟ್ಟಾಗಿ, ಮೊದಲು ಬಂದರಿನಲ್ಲಿ, ಬಳಿಕ ಕಡಲಿನಲ್ಲಿ ಪರೀಕ್ಷಿಸುತ್ತಾರೆ.

‘ಮೊರ್ಮುಗಾವ್’ 2022ರಲ್ಲಿ, ‘ಇಂಫಾಲ್’ 2023ರಲ್ಲಿ ಸೇವೆಗೆ ಸೇರಿದುವು. ಕೊನೆಯದಾದ ‘ಸೂರತ್’ 2022ರ ಮೇ ತಿಂಗಳಲ್ಲಿ ನೀರಿಗಿಳಿದು 2025ರ ಜನವರಿ 15ರಂದು ಸೇವೆಗೆ ಬಂದಿತು. ಮೊದಲನೆಯದಕ್ಕೆ ಆರೂವರೆ ವರ್ಷ ಹಿಡಿದ ಹಂತ ಇದಕ್ಕೆ ಎರಡು ವರ್ಷ ಎಂಟು ತಿಂಗಳಲ್ಲಿ ಮುಗಿಯಿತು. ಒಂದೇ ಮಾದರಿಯ ಕೆಲಸವನ್ನು ಮತ್ತೆ ಮತ್ತೆ ಮಾಡಿ ಪಳಗಿದ ಕೈಗಳಿಗೆ ದೊರೆಯುವ ಫಲವಿದು.

ಆದರೂ ಪಾಠ ಇನ್ನೂ ಪೂರ್ಣವಾಗಿಲ್ಲ. ಈ ನೌಕೆಗಳ ವಿನ್ಯಾಸವೂ ಉಕ್ಕೂ ಸ್ವದೇಶಿ. ಜಲಾಂತರ್ಗಾಮಿಯನ್ನು ಪತ್ತೆಮಾಡುವ ಸೋನಾರ್ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ತಯಾರಿಕೆ. ಒಟ್ಟಿನಲ್ಲಿ ಸ್ವದೇಶಿ ಪಾಲು ಶೇಕಡಾ 75ರಷ್ಟು. ಆದರೆ ಹಡಗಿನ ಹೃದಯವಾದ ಟರ್ಬೈನುಗಳು ಯುಕ್ರೇನ್ ದೇಶದ ವಿನ್ಯಾಸ. 2022ರಲ್ಲಿ ಆ ದೇಶ ಯುದ್ಧಕ್ಕೆ ಸಿಲುಕಿದಾಗ, ಬಿಡಿಭಾಗಗಳಿಗೆ ಪರರನ್ನು ನೆಚ್ಚುವುದರ ಅಪಾಯ ಮನದಟ್ಟಾಯಿತು. ಉಳಿದ ಕಾಲುಭಾಗವನ್ನು ಹಣ ಕೊಟ್ಟು ಕೊಳ್ಳಬಹುದು. ಅದನ್ನು ರಚಿಸುವ ವಿದ್ಯೆಯನ್ನು ಮಾತ್ರ ತರಗತಿಯಲ್ಲಿಯೂ ಕಾರ್ಯಾಗಾರದಲ್ಲಿಯೂ ವರ್ಷಗಟ್ಟಲೆ ದುಡಿದೇ ಗಳಿಸಬೇಕು.