ಗರ್ಭಾಶಯದ ಕ್ಯಾನ್ಸರು: ಜೀನುಗಳು ಕೊಡುವ ಮುನ್ಸೂಚನೆ

ಗರ್ಭಾಶಯದ ಒಳಮೈಯನ್ನು ಹೊದೆದಿರುವ ಮೃದುವಾದ ಪದರದಲ್ಲಿ ಒಮ್ಮೊಮ್ಮೆ ಕ್ಯಾನ್ಸರು ಹುಟ್ಟುವುದುಂಟು. ಮುಟ್ಟು ನಿಂತ ಎಷ್ಟೋ ಕಾಲದ ಮೇಲೆ ಮತ್ತೆ ರಕ್ತಸ್ರಾವ ಕಾಣಿಸಿಕೊಳ್ಳುವುದು ಇದರ ಮುಖ್ಯ ಸೂಚನೆ. ಸೂಕ್ಷ್ಮದರ್ಶಕದಲ್ಲಿ ಇಬ್ಬರು ರೋಗಿಗಳ ಗಂತಿಗಳು ಒಂದೇ ಬಗೆಯಾಗಿ ತೋರಬಹುದು. ಆದರೂ ಶಸ್ತ್ರಚಿಕಿತ್ಸೆಯ ಬಳಿಕ ಒಬ್ಬರು ಪೂರ್ಣವಾಗಿ ಗುಣ ಹೊಂದುತ್ತಾರೆ. ಇನ್ನೊಬ್ಬರಲ್ಲಿ ರೋಗ ಮರುಕಳಿಸುತ್ತದೆ. ಈ ಭೇದಕ್ಕೆ ಕಾರಣವೇನು?

ಉತ್ತರವನ್ನು ನಾವು ಡಿ.ಎನ್.ಎ.ಯಲ್ಲಿ ಹುಡುಕಬೇಕು. ಜೀವಕೋಶವು ಎರಡಾಗಿ ಒಡೆಯುವ ಮುನ್ನ ತನ್ನ ಡಿ.ಎನ್.ಎ. ಬರವಣಿಗೆಯನ್ನೆಲ್ಲ ನಕಲು ಮಾಡಿಕೊಳ್ಳುತ್ತದೆ. ಈ ಕಾರ್ಯದಲ್ಲಿ ತೊಡಗುವ ಲಿಪಿಕಾರರಲ್ಲಿ ಪಾಲಿಮರೇಸ್ ಎಪ್ಸಿಲಾನ್ ಎಂಬ ಕಿಣ್ವವೂ ಒಂದು. ಅದು ಬರೆಯುತ್ತಲೇ ತನ್ನ ತಪ್ಪುಗಳನ್ನು ತಿದ್ದಿಕೊಳ್ಳುತ್ತದೆ. ತಪ್ಪಿ ಉಳಿದವನ್ನು ಬೇರೆ ಕೆಲವು ಪ್ರೋಟೀನುಗಳು ಕೂಡಿ ಸರಿಪಡಿಸುತ್ತವೆ. ಹಾನಿ ಮಿತಿಮೀರಿದರೆ ಪಿ-53 ಎಂಬ ಪ್ರೋಟೀನು ಕಾವಲುಗಾರನಂತೆ ಕೋಶದ ವಿಭಜನೆಯನ್ನೇ ತಡೆಯುತ್ತದೆ.

2013ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆಯ ವಿಜ್ಞಾನಿಗಳು 373 ಗಂತಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ನಾಲ್ಕು ಪಂಗಡಗಳನ್ನು ಗುರುತಿಸಿದರು. ಇಂದು ವೈದ್ಯರು ಬಳಸುವ ವಿಂಗಡಣೆ ಇದರಿಂದಲೇ ಬೆಳೆದುದು. ಒಂದರಲ್ಲಿ ಲಿಪಿಕಾರನ ತಿದ್ದುವ ಶಕ್ತಿ ಕೆಟ್ಟಿರುತ್ತದೆ. ಎರಡನೆಯದರಲ್ಲಿ ಸರಿಪಡಿಸುವ ಪ್ರೋಟೀನುಗಳು ಕೆಟ್ಟಿರುತ್ತವೆ. ಮೂರನೆಯದರಲ್ಲಿ ಕಾವಲುಗಾರನೇ ಕೆಟ್ಟಿರುತ್ತಾನೆ. ನಾಲ್ಕನೆಯದರಲ್ಲಿ ಈ ಮೂರು ದೋಷಗಳೂ ಇರುವುದಿಲ್ಲ.

ಮೊದಲ ಪಂಗಡದಲ್ಲಿ ತಪ್ಪುಗಳು ಎಲ್ಲಕ್ಕಿಂತ ಹೆಚ್ಚು. ಆದುದರಿಂದ ಅದೇ ಅತ್ಯಂತ ಅಪಾಯಕಾರಿಯೆಂದು ನಾವು ಊಹಿಸುವುದು ಸಹಜ. ನಿಜಸ್ಥಿತಿ ಇದಕ್ಕೆ ತದ್ವಿರುದ್ಧ! ಪೋರ್ಟೆಕ್-3 ಎಂಬ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಪಾಲ್ಗೊಂಡಿದ್ದ, ಅಪಾಯ ಹೆಚ್ಚೆಂದು ಎಣಿಸಲಾಗಿದ್ದ 410 ರೋಗಿಗಳ ಗಂತಿಗಳ ಪರೀಕ್ಷೆಯ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಐದು ವರ್ಷ ರೋಗ ಮರುಕಳಿಸದೆ ಉಳಿದವರು ಮೊದಲ ಪಂಗಡದಲ್ಲಿ ನೂರಕ್ಕೆ 98, ಎರಡನೆಯದರಲ್ಲಿ 72, ನಾಲ್ಕನೆಯದರಲ್ಲಿ 74; ಕಾವಲು ಕೆಟ್ಟ ಮೂರನೆಯದರಲ್ಲಿ ಕೇವಲ 48. ತಪ್ಪುಗಳು ಅಸಂಖ್ಯವಾದಾಗ ಕೋಶವು ವಿಚಿತ್ರ ಪ್ರೋಟೀನುಗಳನ್ನು ತಯಾರಿಸುತ್ತದೆ. ದೇಹದ ರಕ್ಷಣಾವ್ಯವಸ್ಥೆ ಅವನ್ನು ಪರಕೀಯವೆಂದು ಗುರುತಿಸಿ ಆ ಕೋಶಗಳ ಮೇಲೆರಗುವುದೇ ಇದಕ್ಕೆ ಕಾರಣವಿರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ.

ಈ ತಿಳಿವಿನಿಂದ ರೋಗಿಗೆ ಏನು ಪ್ರಯೋಜನ? ಮೂರನೆಯ ಪಂಗಡದವರಲ್ಲಿ ವಿಕಿರಣ ಚಿಕಿತ್ಸೆಯೊಂದನ್ನೇ ಪಡೆದವರ ಪೈಕಿ ರೋಗ ಮರುಕಳಿಸದೆ ಉಳಿದವರು ನೂರಕ್ಕೆ 36. ಅದರೊಡನೆ ಔಷಧ ಚಿಕಿತ್ಸೆಯನ್ನೂ ಪಡೆದವರಲ್ಲಿ 59. ಮೊದಲ ಪಂಗಡದವರಿಗಾದರೋ ಅಂಥ ಕಠಿನ ಚಿಕಿತ್ಸೆಯ ಬಾಧೆಯನ್ನು ತಪ್ಪಿಸಬಹುದೇ ಎಂಬುದು ಸಂಶೋಧಕರ ಮುಂದಿರುವ ಪ್ರಶ್ನೆ. ಎರಡನೆಯ ಪಂಗಡದ ಕೆಲವರಲ್ಲಿ ದೋಷವು ಆನುವಂಶಿಕವಾಗಿರುವುದರಿಂದ ಅವರ ಬಂಧುಗಳೂ ಎಚ್ಚರ ವಹಿಸಬೇಕಾಗುತ್ತದೆ.

ಸ್ತ್ರೀರೋಗತಜ್ಞರ ಅಂತರರಾಷ್ಟ್ರೀಯ ಒಕ್ಕೂಟವು 2023ರಲ್ಲಿ ರೋಗದ ಹಂತವನ್ನು ನಿರ್ಣಯಿಸುವಾಗ ಈ ಗುರುತುಗಳನ್ನೂ ಗಣನೆಗೆ ತಂದಿತು. ಆದರೆ ಒಂದು ಮಾತನ್ನು ನಾವು ಮರೆಯಬಾರದು. ಈ ಅಂಕಿಗಳು ಒಂದು ಪಂಗಡಕ್ಕೆ ಅನ್ವಯಿಸುವ ಸಂಭವಗಳೇ ಹೊರತು ಒಬ್ಬ ವ್ಯಕ್ತಿಯ ಹಣೆಬರಹವಲ್ಲ. ಯಾರಿಗೆ ಎಷ್ಟು ಚಿಕಿತ್ಸೆ ಬೇಕೆಂದು ಅಳೆಯಲು ನೆರವಾಗುವುದರಲ್ಲಿಯೇ ಅವುಗಳ ಬೆಲೆಯಿದೆ.