ಹೊಗೆಸೊಪ್ಪಿನ ಹಂಗಾಮು ಮತ್ತು ದಂತ ಚಿಕಿತ್ಸಾಲಯದ ಕಂತು

ಮೈಸೂರಿನ ದಂತವೈದ್ಯಕೀಯ ಕಾಲೇಜುಗಳಲ್ಲಿ ಬಿಡಿಎಸ್ ಮುಗಿಸಿ, ಕೆಲವು ವರ್ಷ ಬೇರೆಯವರ ಕ್ಲಿನಿಕ್‌ಗಳಲ್ಲಿ ತಿಂಗಳ ಸಂಬಳಕ್ಕೋ ಶೇಕಡಾವಾರು ಪಾಲಿಗೋ ದುಡಿದು, ಬಳಿಕ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಅಥವಾ ಎಚ್.ಡಿ. ಕೋಟೆಯಲ್ಲಿ ಸ್ವಂತ ಚಿಕಿತ್ಸಾಲಯ ತೆರೆಯುವ ವೈದ್ಯರು ಚಿಕಿತ್ಸೆಯ ಕೌಶಲದಲ್ಲಿ ಹಿಂದೆ ಬಿದ್ದವರಲ್ಲ. ಅವರನ್ನು ತೊಡಕಿಗೆ ಸಿಲುಕಿಸುವುದು ಕಾಲೇಜಿನ ಐದು ವರ್ಷಗಳಲ್ಲಿ ಯಾರೂ ಸರಿಯಾಗಿ ಹೇಳಿಕೊಡದ ಹಣದ ಲೆಕ್ಕ. ಈ ತಾಲ್ಲೂಕುಗಳಲ್ಲಿ ಕ್ಲಿನಿಕ್ ಕಟ್ಟಿ ನಡೆಸಿದ ಅನುಭವ ಕಲಿಸಿದ ಪಾಠಗಳಲ್ಲಿ ಉಳಿದೆಲ್ಲಕ್ಕಿಂತ ಮುಖ್ಯವಾದುದು ಇದು: ಬ್ಯಾಂಕಿನ ಕಂತು ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ, ಆದರೆ ಇಲ್ಲಿನ ರೋಗಿಗಳ ಕೈಯಲ್ಲಿ ಹಣ ಬರುವುದು ಬೆಳೆಯ ಹಂಗಾಮಿಗೆ. ಈ ಎರಡರ ನಡುವಿನ ಅಂತರವನ್ನು ಮೊದಲೇ ಅಳೆದವರ ಕ್ಲಿನಿಕ್ ಉಳಿಯುತ್ತದೆ.

ಹುಣಸೂರು, ಪಿರಿಯಾಪಟ್ಟಣ ಮತ್ತು ಎಚ್.ಡಿ. ಕೋಟೆ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಕರ್ನಾಟಕದಲ್ಲಿ 1984ರಲ್ಲಿ ತಂಬಾಕು ಮಂಡಳಿಯ ಹರಾಜು ವ್ಯವಸ್ಥೆ ಬಂದ ಮೇಲೆ ಇಲ್ಲಿನ ಹಣದ ಓಡಾಟ ಹರಾಜು ಕಟ್ಟೆಗಳ ಕಾಲಪಟ್ಟಿಗೆ ಕಟ್ಟುಬಿದ್ದಿದೆ. ಮುಂಗಾರಿನ ಹೊತ್ತಿಗೆ ಸಸಿ, ಗೊಬ್ಬರ ಮತ್ತು ಆಳಿನ ಕೂಲಿಗೆ, ಅದರ ಬೆನ್ನಿಗೇ ಬ್ಯಾರನ್‌ನಲ್ಲಿ ಸೊಪ್ಪು ಹದಗೊಳಿಸುವ ಸೌದೆಗೆ ಹಣ ಕೈಬಿಟ್ಟು ಹೋಗುತ್ತದೆ. ಜೂನ್ ತಿಂಗಳ ಶಾಲಾ ಶುಲ್ಕವೂ ಅದೇ ಕಾಲಕ್ಕೆ ಬೀಳುತ್ತದೆ. ಸಾಮಾನ್ಯವಾಗಿ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಆರಂಭವಾಗಿ ಫೆಬ್ರವರಿ, ಮಾರ್ಚ್‌ವರೆಗೆ ನಡೆಯುವ ಹರಾಜಿನಲ್ಲಿ ಹಣ ಮರಳಿ ಬರುತ್ತದೆಯಾದರೂ ಅದು ರೈತರ ಬ್ಯಾಂಕ್ ಖಾತೆಗೆ ಬರುವುದರಿಂದ ಬೆಳೆ ಸಾಲ ಮೊದಲು ಕಡಿತವಾಗಿ ಉಳಿದದ್ದು ಮಾತ್ರ ಮನೆಗೆ ತಲುಪುತ್ತದೆ. ಆದ್ದರಿಂದ ಹರಾಜಿನ ಸರಾಸರಿ ಬೆಲೆ ಏರಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಕ್ಲಿನಿಕ್‌ನ ಆದಾಯವೂ ಅಷ್ಟೇ ಏರುತ್ತದೆಂದು ಎಣಿಸುವುದು ಸರಿಯಲ್ಲ. ಕಾವೇರಿ ನಾಲೆಗಳ ನೀರಿನಲ್ಲಿ ಭತ್ತ ಬೆಳೆಯುವ ಕೆ.ಆರ್. ನಗರದಲ್ಲಿ ಹಣ ಆಡುವುದು ಸುಗ್ಗಿಯ ನಂತರ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ, 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟನ್ ಕುಟುಂಬಗಳಲ್ಲಿ ಅನೇಕರು ಚಳಿಗಾಲದಲ್ಲಿ ಸ್ವೆಟರ್ ವ್ಯಾಪಾರಕ್ಕೆ ದೂರದ ನಗರಗಳಿಗೆ ಹೋಗುವುದರಿಂದ, ಹೊಗೆಸೊಪ್ಪಿನ ಊರುಗಳಲ್ಲಿ ಹಣ ಬರುವ ತಿಂಗಳುಗಳಲ್ಲಿಯೇ ಅಲ್ಲಿಂದ ಬರುವ ರೋಗಿಗಳು ಕಡಿಮೆಯಾಗುತ್ತಾರೆ.

ನೋವು ಮಾತ್ರ ಹಂಗಾಮು ನೋಡಿ ಬರುವುದಿಲ್ಲ. ಹಲ್ಲು ಕೀಳಿಸುವವರು, ಊದಿಕೊಂಡ ದವಡೆಗೆ ಮದ್ದು ಕೇಳುವವರು ವರ್ಷವಿಡೀ ಬರುತ್ತಾರೆ. ಆದರೆ ರೂಟ್ ಕೆನಾಲ್ ಆದ ಹಲ್ಲಿಗೆ ಹಾಕಬೇಕಾದ ಕ್ಯಾಪ್, ಹಿರಿಯರ ಹಲ್ಲು ಸೆಟ್, ಮಕ್ಕಳಿಗೆ ಹಾಕಿಸುವ ಕ್ಲಿಪ್ ಮುಂತಾದವು, ಅಂದರೆ ಕ್ಲಿನಿಕ್‌ನ ಬಾಡಿಗೆ ಮತ್ತು ಕಂತನ್ನು ನಿಜವಾಗಿ ಕಟ್ಟುವ ಕೆಲಸಗಳು, ‘ಸೊಪ್ಪಿನ ದುಡ್ಡು ಬರ್ಲಿ ಡಾಕ್ಟ್ರೇ’ ಎಂಬ ಮಾತಿನೊಂದಿಗೆ ಮುಂದಕ್ಕೆ ಹೋಗುತ್ತವೆ. ಈ ಮಾತನ್ನು ನೆಪವೆಂದು ತಿಳಿಯಬಾರದು; ಹೇಳಿದವರಲ್ಲಿ ಬಹುಪಾಲು ಜನ ಹಣ ಬಂದಾಗ ಬರುತ್ತಾರೆ, ಮತ್ತು ಅಲ್ಲಿಯವರೆಗೆ ಕ್ಲಿನಿಕ್ ಬಾಗಿಲು ತೆರೆದಿರಬೇಕು.

ಇದನ್ನು ಒಂದು ಉದಾಹರಣೆಯ ಮೂಲಕ ನೋಡಬಹುದು. ಕೆಳಗಿನ ಅಂಕಿಗಳು ಲೆಕ್ಕದ ಕ್ರಮ ತಿಳಿಯಲೆಂದು ಹಿಡಿದವು, ಪ್ರತಿಯೊಬ್ಬರೂ ತಮ್ಮ ಊರಿನ ಅಂಕಿಗಳನ್ನು ಅಲ್ಲಿ ಕೂರಿಸಿಕೊಳ್ಳಬೇಕು. ಬಾಡಿಗೆ 12,000 ರೂಪಾಯಿ, ಇಬ್ಬರು ಸಹಾಯಕರ ಸಂಬಳ 24,000, ವಿದ್ಯುತ್, ನೀರು, ತ್ಯಾಜ್ಯ ವಿಲೇವಾರಿ ಮುಂತಾದವಕ್ಕೆ 6,000 ಎಂದಿಟ್ಟುಕೊಂಡರೆ, ರೋಗಿ ಬರಲಿ ಬಾರದಿರಲಿ ತಗಲುವ ಸ್ಥಿರ ವೆಚ್ಚ ತಿಂಗಳಿಗೆ 42,000. ಹನ್ನೆರಡು ಲಕ್ಷದ ಸಾಲವನ್ನು ಶೇ. 11ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಪಡೆದರೆ ಕಂತು ಸುಮಾರು 26,000 ಆಗಿ, ಒಟ್ಟು 68,000 ಆಗುತ್ತದೆ. ಇನ್ನು ಬಳಕೆಯ ಸಾಮಗ್ರಿ, ಕ್ಯಾಪ್ ಮಾಡಿಕೊಡುವ ಲ್ಯಾಬಿನ ಬಿಲ್ಲು, ಮೈಸೂರಿನಿಂದ ಬಂದುಹೋಗುವ ತಜ್ಞರ ಪಾಲು ಇವು ಕೆಲಸ ನಡೆದಷ್ಟೂ ಏರುವ ವೆಚ್ಚಗಳು. ಇವು ವಸೂಲಾದ ಹಣದಲ್ಲಿ ಶೇ. 35ರಷ್ಟನ್ನು ತೆಗೆದುಕೊಂಡರೆ, ಲಾಭವೂ ಇಲ್ಲದ ನಷ್ಟವೂ ಇಲ್ಲದ ಹಂತ ತಲುಪಲು ತಿಂಗಳಿಗೆ ಸುಮಾರು 1.05 ಲಕ್ಷ ರೂಪಾಯಿ ವಸೂಲಾಗಬೇಕು. ಇದರಲ್ಲಿ ವೈದ್ಯರ ಮನೆಯ ಖರ್ಚು ಒಂದು ರೂಪಾಯಿಯೂ ಸೇರಿಲ್ಲ. ಮನೆಗೆ 30,000 ಒಯ್ಯಬೇಕೆಂದರೆ ಆ ಮೊತ್ತ 1.51 ಲಕ್ಷದ ಹತ್ತಿರ ನಿಲ್ಲುತ್ತದೆ. ಮಳೆಗಾಲದ ನಾಲ್ಕು ತಿಂಗಳಲ್ಲಿ ತಿಂಗಳ ವಸೂಲಿ 70,000ಕ್ಕೆ ಇಳಿದರೆ, ಕ್ಲಿನಿಕ್‌ನ ಕೊರತೆ ಮತ್ತು ಮನೆಯ ಖರ್ಚು ಸೇರಿ ಹೊಂದಿಸಬೇಕಾದ ಹಣ 2.10 ಲಕ್ಷ ಆಗುತ್ತದೆ. ವಾಣಿಜ್ಯ ಪರಿಭಾಷೆಯಲ್ಲಿ ಇದನ್ನು ದುಡಿಯುವ ಬಂಡವಾಳ ಎನ್ನುತ್ತಾರೆ: ಯಂತ್ರಕ್ಕೂ ಕಟ್ಟಡಕ್ಕೂ ಹಾಕದೆ, ದಿನನಿತ್ಯದ ವ್ಯವಹಾರ ನಿಲ್ಲದಂತೆ ಕೈಯಲ್ಲಿ ಉಳಿಸಿಕೊಳ್ಳುವ ಹಣ. ಹೊಸದಾಗಿ ತೆರೆಯುವವರ ಯೋಜನಾ ವರದಿಯಲ್ಲಿ ಡೆಂಟಲ್ ಚೇರ್, ಕಂಪ್ರೆಸರ್, ಆಟೋಕ್ಲೇವ್, ಎಕ್ಸ್‌ರೇ ಘಟಕ, ಒಳಾಂಗಣ ಅಲಂಕಾರ ಎಲ್ಲಕ್ಕೂ ಸಾಲುಗಳಿರುತ್ತವೆ, ಈ 2.10 ಲಕ್ಷಕ್ಕೆ ಸಾಲೇ ಇರುವುದಿಲ್ಲ. ಎರಡನೆಯ ಚೇರನ್ನೂ ದುಬಾರಿ ಗೋಡೆ ಅಲಂಕಾರವನ್ನೂ ಮುಂದೂಡಿ ಈ ಹಣವನ್ನು ಮೊದಲು ಬೇರೆ ಖಾತೆಯಲ್ಲಿ ತೆಗೆದಿಡುವುದು, ಈ ತಾಲ್ಲೂಕುಗಳ ಮಟ್ಟಿಗೆ, ಯಾವ ಯಂತ್ರ ಖರೀದಿಗಿಂತಲೂ ಮೊದಲಿನ ಕೆಲಸ.

ಸಾಲದ ಅವಧಿಯ ಆಯ್ಕೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಬಡ್ಡಿ ಉಳಿಸಲು ಸಾಲ ಬೇಗ ತೀರಿಸಬೇಕೆಂಬ ಮನೆಯ ಹಿರಿಯರ ಸಲಹೆ ಸಂಬಳದಾರರಿಗೆ ಸರಿಯಾದದ್ದು; ಹಂಗಾಮಿನ ಆದಾಯದವರಿಗೆ ಅದನ್ನು ಸ್ವಲ್ಪ ತಿದ್ದಿ ಪಾಲಿಸಬೇಕಾಗುತ್ತದೆ. ಅದೇ ಹನ್ನೆರಡು ಲಕ್ಷವನ್ನು ಏಳು ವರ್ಷಕ್ಕೆ ಪಡೆದರೆ ಕಂತು ಸುಮಾರು 20,500ಕ್ಕೆ ಇಳಿಯುತ್ತದೆ, ಆದರೆ ಅವಧಿ ಪೂರ್ತಿ ಕಟ್ಟಿದರೆ ಒಟ್ಟು ಬಡ್ಡಿ 3.65 ಲಕ್ಷದಿಂದ 5.26 ಲಕ್ಷಕ್ಕೆ ಏರುತ್ತದೆ. ಅವಧಿಯನ್ನು ಉದ್ದವಾಗಿಯೇ ಇಟ್ಟುಕೊಂಡು, ಹರಾಜಿನ ತಿಂಗಳುಗಳಲ್ಲಿ ಹೆಚ್ಚಿಗೆ ಬಂದ ಹಣವನ್ನು ಅಸಲಿಗೆ ಕಟ್ಟುತ್ತ ಹೋದರೆ, ಮಳೆಗಾಲದಲ್ಲಿ ಕಂತಿನ ಭಾರ ಇಳಿಯುತ್ತದೆ, ಹೆಚ್ಚುವರಿ ಬಡ್ಡಿಯ ಬಹುಭಾಗವೂ ಉಳಿಯುತ್ತದೆ. ಈ ದಾರಿಗೆ ಈಗ ನಿಯಮದ ಬೆಂಬಲವೂ ಇದೆ: 2026ರ ಜನವರಿ 1ರಿಂದ ಮಂಜೂರಾಗುವ ಅಥವಾ ನವೀಕರಣವಾಗುವ ಬದಲಾಗುವ ಬಡ್ಡಿದರದ ಸಾಲಗಳನ್ನು ವ್ಯಕ್ತಿಗಳು ಮತ್ತು ಕಿರು, ಸಣ್ಣ ಉದ್ಯಮಗಳು ವ್ಯವಹಾರಕ್ಕಾಗಿ ಪಡೆದಿದ್ದರೆ, ಅವಧಿಗೆ ಮುನ್ನ ಮರುಪಾವತಿಸಿದ್ದಕ್ಕೆ ವಾಣಿಜ್ಯ ಬ್ಯಾಂಕುಗಳು ಶುಲ್ಕ ವಿಧಿಸಬಾರದೆಂದು ಭಾರತೀಯ ರಿಸರ್ವ್ ಬ್ಯಾಂಕು 2025ರ ಜುಲೈನಲ್ಲಿ ನಿರ್ದೇಶಿಸಿದೆ. ಬಡ್ಡಿದರ ಬದಲಾಗುವಂಥದ್ದೇ, ಸ್ಥಿರವಾದದ್ದೇ ಎಂಬುದನ್ನು ಮಂಜೂರಾತಿ ಪತ್ರದಲ್ಲಿ ಓದಿ ಸಹಿ ಹಾಕಬೇಕು. ಆಸ್ತಿ ಅಡಮಾನ ಇಡಲಾಗದವರಿಗೆ 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ತರುಣ್ ವಿಭಾಗದಲ್ಲಿ 10 ಲಕ್ಷದವರೆಗೆ, ಅದನ್ನು ಸರಿಯಾಗಿ ತೀರಿಸಿದವರಿಗೆ ತರುಣ್ ಪ್ಲಸ್ ವಿಭಾಗದಲ್ಲಿ 20 ಲಕ್ಷದವರೆಗೆ ಅವಕಾಶವಿದೆ. ಊರಿನ ಜಮೀನನ್ನು ಅಡವಿಟ್ಟು ದೊಡ್ಡ ಸಾಲ ಪಡೆಯುವುದಕ್ಕಿಂತ, ಚಿಕ್ಕದಾಗಿ ಆರಂಭಿಸಿ ಈ ಮೆಟ್ಟಿಲುಗಳನ್ನು ಹತ್ತುವುದು ಕುಟುಂಬಕ್ಕೂ ಕ್ಷೇಮ.

ಬಾಡಿಗೆ ಕರಾರಿನ ವಿಷಯಕ್ಕೆ ಸಿಗಬೇಕಾದ ಗಮನ ಸಿಗುವುದಿಲ್ಲ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸುವುದು 1908ರ ನೋಂದಣಿ ಕಾಯ್ದೆಯಂತೆ ಕಡ್ಡಾಯವಾದ್ದರಿಂದ, ಅದನ್ನು ತಪ್ಪಿಸಲು ಎಲ್ಲೆಡೆ ಹನ್ನೊಂದು ತಿಂಗಳ ಕರಾರು ರೂಢಿಯಲ್ಲಿದೆ. ಬಟ್ಟೆ ಅಂಗಡಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ, ಕಪಾಟುಗಳನ್ನು ಎತ್ತಿಕೊಂಡು ಬೇರೆ ಮಳಿಗೆಗೆ ಹೋಗಬಹುದು. ದಂತ ಚಿಕಿತ್ಸಾಲಯದಲ್ಲಾದರೋ ನೀರು, ಗಾಳಿ ಮತ್ತು ಒಳಚರಂಡಿಯ ಕೊಳವೆಗಳು ನೆಲ ಅಗೆದು ಹಾಸಿದವು. ಮಳಿಗೆ ಬಿಟ್ಟ ದಿನ ಆ ಹಣ ಅಲ್ಲಿಯೇ ಉಳಿಯುತ್ತದೆ. ಏಳು ವರ್ಷದ ಸಾಲವನ್ನು ಹನ್ನೊಂದು ತಿಂಗಳ ಕರಾರಿನ ಮೇಲೆ ನಿಲ್ಲಿಸುವುದು ದೊಡ್ಡ ಅಪಾಯ. ರೋಗಿಗಳು ಹೆಚ್ಚಿದಂತೆ ಮಾಲೀಕರ ಬಾಡಿಗೆ ನಿರೀಕ್ಷೆಯೂ ಹೆಚ್ಚುವುದು ಸಹಜವಾದ್ದರಿಂದ, ವರ್ಷಕ್ಕೆ ಎಷ್ಟು ಏರಿಕೆ ಎಂಬುದನ್ನು ಮೊದಲೇ ಬರೆದು, ಸಾಲದ ಅವಧಿಗೆ ಹತ್ತಿರವಾದ ಗುತ್ತಿಗೆಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸುವ ಖರ್ಚು ವ್ಯರ್ಥವಲ್ಲ.

ನಡೆಯುತ್ತಿರುವ ಕ್ಲಿನಿಕ್ ಅನ್ನು ಕೊಳ್ಳುವವರು ಮಾರುವವರ ಬಾಯಿಮಾತಿನ ಆದಾಯವನ್ನು ನಂಬದೆ, ಆದಾಯ ತೆರಿಗೆ ನಿಯಮಗಳಲ್ಲಿ ವೈದ್ಯರಿಗೆಂದೇ ಇದ್ದ ದೈನಂದಿನ ರೋಗಿ ನೋಂದಣಿ ಪುಸ್ತಕ, ಅಂದರೆ ನಮೂನೆ 3ಸಿಯ ಬಗೆಯ ದಾಖಲೆಯನ್ನೂ, ಬ್ಯಾಂಕ್ ಮತ್ತು ಯುಪಿಐ ಜಮೆಗಳನ್ನೂ ಪೂರ್ತಿ ಹನ್ನೆರಡು ತಿಂಗಳಿಗೆ ಕೇಳಿ ನೋಡಬೇಕು. ನವೆಂಬರ್‌ನಿಂದ ಫೆಬ್ರವರಿವರೆಗಿನ ಲೆಕ್ಕವನ್ನಷ್ಟೇ ತೋರಿಸಿದರೆ ಅದು ವರ್ಷದ ಚಿತ್ರವಲ್ಲ. ಹೆಸರಿಗೆಂದು, ಅಂದರೆ ಗುಡ್‌ವಿಲ್‌ಗೆಂದು, ಕೊಟ್ಟ ಹಣಕ್ಕೆ 2021ರ ಹಣಕಾಸು ಕಾಯ್ದೆಯ ನಂತರ ಸವಕಳಿ ಸಿಗುವುದಿಲ್ಲ ಎಂಬುದನ್ನೂ ಬೆಲೆ ಮಾತಾಡುವಾಗ ನೆನಪಿಡಬೇಕು. ಸವಕಳಿಯೆಂದರೆ ಬಳಕೆಯಿಂದ ಸ್ವತ್ತಿನ ಬೆಲೆ ತಗ್ಗುವುದನ್ನು ವರ್ಷವರ್ಷವೂ ವೆಚ್ಚವಾಗಿ ತೋರಿಸುವ ಕ್ರಮ.

ಸ್ವಂತ ಕ್ಲಿನಿಕ್ ತೆರೆದ ಮೇಲೆ ತೆರಿಗೆಯಲ್ಲಿ ವೈದ್ಯರ ಸ್ಥಾನ ಬದಲಾಗುತ್ತದೆ. ಬೇರೆಯವರ ಕ್ಲಿನಿಕ್‌ನಲ್ಲಿ ವೃತ್ತಿ ಶುಲ್ಕ ಪಡೆಯುವಾಗ ಕೊಡುವವರೇ ಶೇ. 10ನ್ನು ಮೂಲದಲ್ಲಿ ಕಡಿದು ಸರ್ಕಾರಕ್ಕೆ ಕಟ್ಟುತ್ತಿದ್ದರು. ಮಾಲೀಕರಾದ ಮೇಲೆ ರೋಗಿಗಳು ಕೊಟ್ಟ ಹಣವೆಲ್ಲ ಕೈಗೆ ಬರುತ್ತದೆ ಮತ್ತು ಅದರಲ್ಲಿ ಸರ್ಕಾರದ ಪಾಲು ಎಷ್ಟೆಂಬುದು ಕಣ್ಣಿಗೆ ಕಾಣುವುದಿಲ್ಲ. 1961ರ ಕಾಯ್ದೆಯ 44ಎಡಿಎ ಕಲಮಿನಲ್ಲಿದ್ದು 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಮುಂದುವರಿದಿರುವ ಅಂದಾಜು ಆದಾಯದ ಪದ್ಧತಿಯಲ್ಲಿ, ವಾರ್ಷಿಕ ವಸೂಲಿ 50 ಲಕ್ಷದೊಳಗಿರುವ ವೈದ್ಯರು (ನಗದು ಪಾಲು ಶೇ. 5 ಮೀರದಿದ್ದರೆ 75 ಲಕ್ಷದೊಳಗಿರುವವರು) ವಸೂಲಿಯ ಅರ್ಧವನ್ನು ಆದಾಯವೆಂದು ಘೋಷಿಸಿ, ವಿವರವಾದ ಲೆಕ್ಕದಿಂದ ಬಿಡುಗಡೆ ಪಡೆಯಬಹುದು. ಇದು ಸುಲಭವಾದರೂ ಸಾಲದ ಬಡ್ಡಿ ಮತ್ತು ಸವಕಳಿಯೆಲ್ಲ ಆ ಉಳಿದ ಅರ್ಧದಲ್ಲಿಯೇ ಸೇರಿಹೋಗುತ್ತವೆ, ಮತ್ತು ಹೊಸ ಸಾಲ, ಹೊಸ ಯಂತ್ರಗಳಿರುವ ಮೊದಲ ವರ್ಷಗಳಲ್ಲಿ ನಿಜವಾದ ಲಾಭ ಅರ್ಧಕ್ಕಿಂತ ಕಡಿಮೆಯಿರುವುದು ಸಾಮಾನ್ಯ. ಆಗ ಲೆಕ್ಕ ಪುಸ್ತಕ ಇಟ್ಟು ಲೆಕ್ಕಪರಿಶೋಧನೆ ಮಾಡಿಸುವುದರಿಂದ ಆಗುವ ಉಳಿತಾಯವನ್ನು ಅದರ ಖರ್ಚಿನೊಡನೆ ತೂಗಿ ನೋಡಬೇಕು. ಲೆಕ್ಕ ಇಡುವವರಿಗೆ ಯಂತ್ರಗಳ ಮೇಲೆ ಶೇ. 15ರ ಸವಕಳಿ ಸಿಗುತ್ತದೆ, ಆದರೆ ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಮಾತ್ರ. ಅಂದಾಜು ಪದ್ಧತಿ ಆರಿಸಿದವರು ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದಾದ್ದರಿಂದ, ಹರಾಜಿನ ಹಣ ಬರುವ ತಿಂಗಳುಗಳಲ್ಲಿಯೇ ಆ ಮೊತ್ತವನ್ನು ಬೇರೆಯಾಗಿ ಇಡುವುದು ಈ ಸೀಮೆಗೆ ಚೆನ್ನಾಗಿ ಹೊಂದುತ್ತದೆ. ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇರುವುದು ರೋಗಿಗೆ ಅನುಕೂಲ, ಆದರೆ ಅದೇ ಕಾರಣಕ್ಕೆ ಚೇರು, ಯಂತ್ರಗಳನ್ನು ಕೊಳ್ಳುವಾಗ ಕಟ್ಟಿದ ಜಿಎಸ್‌ಟಿ ಮರಳಿ ಸಿಗುವುದಿಲ್ಲ. ದರಪಟ್ಟಿಯನ್ನು ತೆರಿಗೆ ಸೇರಿಸಿಯೇ ಹೋಲಿಸಬೇಕು.

ಪರವಾನಗಿಗಳು ಹಲವು: 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರದ ನೋಂದಣಿ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಎಕ್ಸ್‌ರೇ ಘಟಕಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನೋಂದಣಿ. ಇವು ಮುಗಿಯುವ ಮೊದಲೇ ಬಾಡಿಗೆ ಆರಂಭವಾಗುತ್ತದೆ, ಆ ತಿಂಗಳುಗಳ ಬಾಡಿಗೆಯನ್ನೂ ಬಂಡವಾಳದಲ್ಲಿ ಸೇರಿಸಿಕೊಳ್ಳಬೇಕು.

ವಸೂಲಿಯ ವಿಷಯದಲ್ಲಿ ಮೃದುತ್ವ ಮತ್ತು ಶಿಸ್ತು ಎರಡೂ ಬೇಕು. ಕ್ಯಾಪ್ ಅಥವಾ ಸೆಟ್‌ಗೆ ಅಳತೆ ತೆಗೆದ ದಿನವೇ ಲ್ಯಾಬಿನ ಬಿಲ್ಲು ಹುಟ್ಟುತ್ತದೆ, ರೋಗಿ ಮರಳಿ ಬಾರದಿದ್ದರೂ ಅದನ್ನು ಕಟ್ಟಲೇಬೇಕು. ಆದ್ದರಿಂದ ಅಳತೆಯ ದಿನ ಅರ್ಧ ಹಣ ಪಡೆಯುವುದು ನಿಯಮವಾಗಿರಬೇಕು. ನೋವಿನಿಂದ ಬಂದವರ ವಿಷಯದಲ್ಲಿ ಈ ನಿಯಮ ಸಲ್ಲದು. ಎಚ್.ಡಿ. ಕೋಟೆ ಮತ್ತು ಸರಗೂರು ಕಡೆಯ ಹಾಡಿಗಳಿಂದ ಬರುವ ಜೇನುಕುರುಬ, ಬೆಟ್ಟಕುರುಬ ಕುಟುಂಬಗಳಿಗೆ ಮಾಡುವ ಚಿಕಿತ್ಸೆಯನ್ನು ಆದಾಯದ ಅಂದಾಜಿನಲ್ಲಿ ಸೇರಿಸದೆ, ಕ್ಲಿನಿಕ್‌ನ ಕರ್ತವ್ಯವೆಂದು ವೆಚ್ಚದ ಕಡೆ ಬರೆದುಕೊಂಡರೆ, ಅವರನ್ನು ಹಣ ಕೇಳಿ ಹಿಂದಕ್ಕೆ ಕಳುಹಿಸುವ ಸಂದರ್ಭ ಬರುವುದಿಲ್ಲ.

ಈ ನಾಲ್ಕು ತಾಲ್ಲೂಕುಗಳ ಬ್ಯಾಂಕ್ ಶಾಖೆಗಳು ರೈತರ ಬೆಳೆ ಸಾಲದ ಮರುಪಾವತಿಯನ್ನು ಕೊಯ್ಲು ಮತ್ತು ಮಾರಾಟದ ಕಾಲಕ್ಕೆ ಹೊಂದಿಸಿಯೇ ನಿಗದಿ ಮಾಡುತ್ತವೆ. ಅದೇ ರೈತರ ಹಣದಿಂದ ನಡೆಯುವ ದಂತ ಚಿಕಿತ್ಸಾಲಯದ ಕಂತನ್ನೂ ಮಳೆಗಾಲಕ್ಕೆ ಕಡಿಮೆ, ಹರಾಜಿನ ತಿಂಗಳುಗಳಿಗೆ ಹೆಚ್ಚು ಎಂದು ಗೊತ್ತುಪಡಿಸಲು ಶಾಖಾ ವ್ಯವಸ್ಥಾಪಕರು ಮನಸ್ಸು ಮಾಡಬೇಕು. ಸಾಲ ಕೇಳುವ ಯುವ ವೈದ್ಯರು ತಿಂಗಳುವಾರು ಆದಾಯದ ಅಂದಾಜನ್ನು ಅರ್ಜಿಯೊಡನೆ ಲಗತ್ತಿಸಿ, ಇದನ್ನು ಬರವಣಿಗೆಯಲ್ಲಿಯೇ ಕೇಳಬೇಕು.