ಧೋಬಿ ಗುರುತು, ಚರ್ಮದ ಎಣ್ಣೆ ಮತ್ತು ಟಿ ಕೋಶ

ನಾನು ಕಾಮರ್ಸ್ ವಿದ್ಯಾರ್ಥಿ. ಆದರೂ ಈ ಸಲ ಜೀವಶಾಸ್ತ್ರದ ವಿಷಯ ಬರೆಯುತ್ತಿದ್ದೇನೆ. ಸೈನ್ಸ್ ವಿಭಾಗದವರು ಸಹಿಸಿಕೊಳ್ಳಬೇಕು.

ನಮ್ಮ ಮನೆಯಲ್ಲಿ ಭಿಲಾವಾ ಎನ್ನುವ ಕಾಯಿಗೆ ಕನ್ನಡದಲ್ಲಿ ಕಾಡುಗೇರು ಎನ್ನುತ್ತಾರೆ. ಮಾವು, ಗೋಡಂಬಿಗಳ ಕುಟುಂಬದ್ದು. ಯಾರ ಬಟ್ಟೆ ಯಾವುದು ಎಂದು ತಿಳಿಯಲು ಧೋಬಿಗಳು ಅದರ ರಸದಿಂದ ಕಪ್ಪು ಗುರುತು ಹಾಕುತ್ತಿದ್ದರು. (ಬಿಳೇಕಹಳ್ಳಿಯ ನಮ್ಮ ಇಸ್ತ್ರಿ ಅಂಗಡಿಯಲ್ಲಿ ಈಗ ಮಾರ್ಕರ್ ಪೆನ್ ಇದೆ.) ಎರಡನೇ ಮಹಾಯುದ್ಧದಲ್ಲಿ ಭಾರತಕ್ಕೆ ಬಂದ ಅಮೆರಿಕದ ಸೈನಿಕರಿಗೆ ಆ ಗುರುತು ತಾಗಿದ ಜಾಗದಲ್ಲೇ ತುರಿಕೆ, ಗುಳ್ಳೆ ಎದ್ದವು. ವೈದ್ಯರು 1943ರಲ್ಲಿ ಇದನ್ನು ಧೋಬಿ ಗುರುತಿನ ಚರ್ಮರೋಗ ಎಂದೇ ವರದಿ ಮಾಡಿದರು.

ಈ ರಸದಲ್ಲಿರುವುದು ಉರುಶಿಯಾಲ್ ಜಾತಿಯ, ಉದ್ದ ಬಾಲದ ಎಣ್ಣೆಯಂಥ ಅಣುಗಳು. ಟಿ ಕೋಶಗಳು ಪ್ರೋಟೀನ್ ತುಣುಕುಗಳನ್ನು ಮಾತ್ರ ಗುರುತಿಸುತ್ತವೆ ಎಂದು ಬಹುಕಾಲ ನಂಬಿದ್ದರು. ಕ್ಷಯದ ಬ್ಯಾಕ್ಟೀರಿಯಾದ ಲಿಪಿಡ್ ಅನ್ನೂ ಅವು ಗುರುತಿಸುತ್ತವೆ ಎಂದು 1994ರಲ್ಲಿ ಗೊತ್ತಾಯಿತು. ಲಿಪಿಡ್ ಹಿಡಿದು ತೋರಿಸುವ ಪ್ರೋಟೀನ್‌ಗಳ ಹೆಸರು ಸಿಡಿ1. ಚರ್ಮದ ಲ್ಯಾಂಗರ್‌ಹಾನ್ಸ್ ಕೋಶಗಳ ಮೇಲೆ ಸಿಡಿ1ಎ ಎಂಬುದು ಹೇರಳವಾಗಿದೆ. ಉರುಶಿಯಾಲ್ ಅದರೊಳಗೆ ಕೂರುತ್ತದೆ ಎಂದು 2016ರ ಅಧ್ಯಯನ ತೋರಿಸಿತು.

ನನಗೆ ಅಚ್ಚರಿ ಆದದ್ದು ಇಲ್ಲಿ. ಸಿಡಿ1ಎ ಒಳಗಿನ ಜಾಗ ಖಾಲಿ ಇರುವುದಿಲ್ಲ, ನಮ್ಮದೇ ಲಿಪಿಡ್‌ಗಳು ಅದನ್ನು ತುಂಬಿರುತ್ತವೆ. ಹಾಗಾದರೆ ಟಿ ಕೋಶ ಸದಾ ನಮ್ಮ ಮೇಲೇ ಏಕೆ ಏರಿ ಬರುವುದಿಲ್ಲ? ಬ್ಯಾಂಕಿನವರು ಕೆವೈಸಿ ನೋಡುವಂತೆ ಅದು ಪ್ರತಿ ಅಣುವಿನ ಹೆಸರು ಓದುತ್ತದೆ ಅಂದುಕೊಂಡಿದ್ದೆ. ಆದರೆ ಇಲ್ಲಿ ಅನೇಕ ಟಿ ಕೋಶಗಳು ಮುಟ್ಟುವುದು ಸಿಡಿ1ಎಯ ಮೈಯನ್ನೇ. ಸ್ಫಿಂಗೋಮಯಲಿನ್‌ನಂಥ ನಮ್ಮ ಲಿಪಿಡ್‌ಗೆ ದೊಡ್ಡ ತಲೆಯಿದೆ. ಅದು ಹೊರಗೆ ಚಾಚಿಕೊಂಡು ಮುಟ್ಟಲು ಬಿಡುವುದಿಲ್ಲ. ಸ್ಕ್ವಾಲೀನ್‌ನಂಥ ಚರ್ಮದ ಎಣ್ಣೆಗೆ ಅಂಥ ತಲೆಯಿಲ್ಲ, ಪೂರ್ತಿ ಒಳಗೆ ಅಡಗುತ್ತದೆ. ಆಗ ದಾರಿ ತೆರೆದು ಟಿ ಕೋಶ ಎಚ್ಚರಗೊಳ್ಳುತ್ತದೆ. ಇದನ್ನು 2014ರಲ್ಲಿ ಪ್ರಕಟಿಸಿದರು. ಅಂದರೆ 'ನಮ್ಮದು' ಎಂಬುದಕ್ಕೆ ಇಲ್ಲಿ ಮುದ್ರೆಯೇನೂ ಇಲ್ಲ, ಅಡ್ಡ ನಿಂತ ಒಂದು ತಲೆ ಅಷ್ಟೇ.

ನನ್ನ ಖಾಲಾಗೆ ಸೋರಿಯಾಸಿಸ್ ಇದೆ. ಮದುವೆಗಳಲ್ಲಿ ದಸ್ತರ್‌ಖಾನ್ ಮುಂದೆ ಅವರ ಪಕ್ಕ ಕೂರಲು ಕೆಲವರು ಹಿಂಜರಿಯುತ್ತಾರೆ. ಅದು ಅಂಟುರೋಗವಲ್ಲ. ಸೋರಿಯಾಸಿಸ್ ಇರುವವರ ಚರ್ಮದಲ್ಲಿ ಒಂದು ಎನ್‌ಜೈಮ್ ಹೆಚ್ಚಾಗಿ, ದೇಹದ ಸ್ವಂತ ಲಿಪಿಡ್‌ಗಳನ್ನೇ ಕತ್ತರಿಸುತ್ತದೆ. ಆ ತುಣುಕುಗಳನ್ನು ಸಿಡಿ1ಎ ತೋರಿಸಿದಾಗ ಟಿ ಕೋಶಗಳು ಕೆರಳುತ್ತವೆ. ಕಾರಣ ಇದೊಂದೇ ಅಲ್ಲ, ಆದರೆ ಇದೂ ಒಂದು. ಅದೇ 2016ರ ಅಧ್ಯಯನದಲ್ಲಿ ಸಿಡಿ1ಎಯನ್ನು ತಡೆಯುವ ಪ್ರತಿಕಾಯ ಕೊಟ್ಟಾಗ ಇಲಿಗಳ ಚರ್ಮದ ಉರಿಯೂತ ತಗ್ಗಿತ್ತು.